ಜಾತಕದಲ್ಲಿ ಇಲ್ಲದ ವಾರಂಟ್

ಜೇವರ್ಗಿ ಕಾಲೋನಿಯ ರಘೂತ್ತಮಾಚಾರ್ಯರ ಮನೆಗೆ ಜಾತಕ ಹಿಡಿದು ಬಂದವರು ಮೊದಲು ಪಡಸಾಲೆಯ ಚಾಪೆಯ ಮೇಲೆ ಕೂರಬೇಕು, ಪದ್ಮಜಾಬಾಯಿ ಕೊಟ್ಟ ಚಹಾ ಕುಡಿಯಬೇಕು, ಆಮೇಲೆ ಆಚಾರ್ಯರ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಹುಟ್ಟಿದ ವೇಳೆ, ನಕ್ಷತ್ರ, ಗೋತ್ರ ಇವೆಲ್ಲ ಯಾರಾದರೂ ಕೇಳುವಂಥವೇ. ಆಚಾರ್ಯರು ಅದರ ಜೊತೆಗೆ ಹುಡುಗ ಹುಡುಗಿಯ ಪೂರ್ಣ ಹೆಸರು, ತಂದೆಯ ಹೆಸರು, ಯಾವ ತಾಲೂಕು, ಈ ಮೊದಲು ಎಲ್ಲಿ ಕೆಲಸಕ್ಕಿದ್ದರು ಎಂಬುದನ್ನೂ ಕೇಳುತ್ತಿದ್ದರು. ನಂತರ "ಗಣಿತ ಮಾಡಿಕೊಂಡು ಬರ್ತೇನಿ" ಎಂದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು.

ಒಳಗೆ ಪಂಚಾಂಗಕ್ಕೆ ಸಿಗುತ್ತಿದ್ದ ಸಮಯ ಸ್ವಲ್ಪ, ಮೊಬೈಲಿಗೆ ಸಿಗುತ್ತಿದ್ದದ್ದು ಜಾಸ್ತಿ. ನ್ಯಾಯಾಲಯಗಳ ಜಾಲತಾಣದಲ್ಲಿ ಹೆಸರು ಹಾಕಿದರೆ ಯಾರ ಮೇಲೆ ಯಾವ ಕೇಸಿದೆ, ಅದು ಎಲ್ಲಿಗೆ ಬಂದಿದೆ ಎಂದು ತಿಳಿಯುತ್ತದೆ. ಪೊಲೀಸರ ಜಾಲತಾಣದಲ್ಲಿ ಎಫ್‌ಐಆರ್ ಪ್ರತಿಯೂ ಸಿಗುತ್ತದೆ. ಯಾರು ಬೇಕಾದರೂ ನೋಡಬಹುದು, ಅದರಲ್ಲಿ ಗುಟ್ಟೇನೂ ಇಲ್ಲ. ಗುಟ್ಟು ಇದ್ದದ್ದು ಆಚಾರ್ಯರು ಹೊರಗೆ ಬಂದು ಹೇಳುತ್ತಿದ್ದ ಮಾತಿನಲ್ಲಿ. ಕೇಸು ಕಂಡರೆ ಅವರು ಕೇಸಿದೆ ಎನ್ನುತ್ತಿರಲಿಲ್ಲ. "ದಶಾಸಂಧಿ ಅದ, ಈ ಸಂಬಂಧ ಬ್ಯಾಡ್ರಿ" ಎನ್ನುತ್ತಿದ್ದರು. ದಶಾಸಂಧಿ ಎಂದರೆ ಗಂಡಿನ ದಶೆ, ಹೆಣ್ಣಿನ ದಶೆ ಎರಡೂ ಒಂದೇ ಕಾಲಕ್ಕೆ ಬದಲಾಗುವುದು. ಹೆಸರು ಕೇಳಿದರೇ ಜನ ಎದ್ದು ಕೈಮುಗಿದು ಹೋಗುತ್ತಿದ್ದರು. ಗ್ರಹಗಳ ತಲೆಗೆ ಕಟ್ಟಿದರೆ ಯಾರಿಗೂ ಬೇಜಾರಿಲ್ಲ. ಅವು ಬಂದು ಜಗಳ ಕಾಯುವುದೂ ಇಲ್ಲ.

ಹಾಗೆಂದು ಆಚಾರ್ಯರು ಕೆಟ್ಟವರಲ್ಲ. ಕೆಲವು ವರ್ಷಗಳ ಹಿಂದೆ ಅವರೇ ಜಾತಕ ಕೂಡಿಸಿ ಮಾಡಿಸಿದ ಮದುವೆಯ ಹುಡುಗಿಯೊಬ್ಬಳು ಕೈ ಮುರಿಸಿಕೊಂಡು ತವರಿಗೆ ಬಂದಳು. ಗಂಡನ ಮೇಲೆ ಮೊದಲ ಹೆಂಡತಿಯನ್ನು ಹೊಡೆದ ಕೇಸು ಆಗಲೇ ಇತ್ತು, ಯಾರೂ ನೋಡಿರಲಿಲ್ಲ. ಆ ಹುಡುಗಿಯ ತಾಯಿ ಇದೇ ಪಡಸಾಲೆಯಲ್ಲಿ ಕೂತು ಅತ್ತದ್ದನ್ನು ಆಚಾರ್ಯರು ಮರೆಯಲಾರರು. ಅಂದಿನಿಂದ ಹತ್ತಿದ ಚಾಳಿ ಇದು. ಇದರಿಂದ ನಾಲ್ಕಾರು ಹುಡುಗಿಯರು ಬಚಾವಾಗಿದ್ದೂ ನಿಜ. ಬಚಾವಾದವರ ಲೆಕ್ಕವನ್ನು ಅವರು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. ಇನ್ನೊಂದು ಕಡೆಯ ಲೆಕ್ಕ ಅವರಿಗೆ ಹೊಳೆದಿರಲಿಲ್ಲ.

ಹಿಂದಿನ ಅಮಾವಾಸ್ಯೆಗೆ ಮುಂಚೆ ಸಾವಿತ್ರೀಬಾಯಿ ಬಂದಿದ್ದರು. ಮಗ ಅತುಲ ಕಾಲೇಜಿನಲ್ಲಿ ಉಪನ್ಯಾಸಕ. ಹುಡುಗಿಯನ್ನು ತಾನೇ ನೋಡಿಕೊಂಡಿದ್ದ. ಹೆಸರು ಮಂಜುಷಾ, ತೀರಿಹೋದ ಮುಕುಂದರಾಯರ ಮಗಳು, ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ನಮ್ಮವರೇ, ಹುಡುಗಿಯೂ ಚೆನ್ನಾಗಿದ್ದಾಳೆ, ಜಾತಕ ಒಂದು ಕೂಡಿದರೆ ಸಾಕು ಎಂದು ಸಾವಿತ್ರೀಬಾಯಿ ಹೇಳಿದರು. ಆಚಾರ್ಯರು ಒಳಗೆ ಹೋಗಿ ಹೆಸರು ಹಾಕಿದರು. ಕಮಲಾಪುರ ಠಾಣೆಯ ಎಫ್‌ಐಆರ್ ಬಂತು. ನಿರ್ಲಕ್ಷ್ಯದಿಂದ ರೋಗಿಯ ಸಾವು. ಆರೋಪಿಗಳು ಒಬ್ಬ ಡಾಕ್ಟರು, ಎರಡನೆಯವಳು ನರ್ಸು ಮಂಜುಷಾ. ಕೋರ್ಟಿನ ಪುಟದಲ್ಲಿ ಇನ್ನೂ ದೊಡ್ಡ ಸುದ್ದಿ ಇತ್ತು. ಎರಡನೇ ಆರೋಪಿ ಹಾಜರಾಗದ ಕಾರಣ ಜಾಮೀನುರಹಿತ ವಾರಂಟ್. ಆಚಾರ್ಯರು ಮೊಬೈಲ್ ಆರಿಸಿದರು. ಹೊರಗೆ ಬಂದು, "ದಶಾಸಂಧಿ ಅದ ವೈನಿ" ಎಂದರು. ಸಾವಿತ್ರೀಬಾಯಿ ಕೈಮುಗಿದು ಎದ್ದುಹೋದರು.

ಮಂಜುಷಾ ಆ ಮನೆಗೆ ತಾನೇ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಚಪ್ಪಲಿ ಬಿಟ್ಟು ಒಳಗೆ ಬಂದಳು, ಆದರೆ ಚಾಪೆಯ ಮೇಲೆ ಕೂರಲಿಲ್ಲ.

"ನಾನು ಮಂಜುಷಾ. ಅತುಲನ ಜಾತಕದ ಜೋಡಿ ನನ್ನ ಜಾತಕ ನೀವು ನೋಡೀರಿ," ಎಂದಳು.

ಆಚಾರ್ಯರು ಕನ್ನಡಕ ಸರಿಮಾಡಿಕೊಂಡರು. "ಕೂಡವಾ. ಚಹಾ ತಗೋ."

"ಚಹಾ ಬ್ಯಾಡ್ರಿ. ದಶಾಸಂಧಿ ಯಾವ ವರ್ಷದಾಗ ಬರ್ತದ, ಅದಷ್ಟು ಹೇಳ್ರಿ."

"ಅದು ಭಾಳ ಸೂಕ್ಷ್ಮ ಇರ್ತದ. ನಿನಗ ತಿಳಿಯೂದಿಲ್ಲ."

"ನನಗ ತಿಳಿಯೂದಿಲ್ಲ ಅಂತನ ತಿಳದವರ ಕಡೆ ಒಯ್ದಿದ್ದೆ. ಅವರು ಎರಡೂ ಜಾತಕ ನೋಡಿ, ದಶಾಸಂಧಿ ಎಲ್ಲೂ ಇಲ್ಲ ಅಂದ್ರು."

ಅಡುಗೆಮನೆಯಿಂದ ಪದ್ಮಜಾಬಾಯಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಹೆಂಡತಿಯ ಎದುರಿಗೆ ಸಿಕ್ಕಿಬೀಳುವುದು ಯಾವ ಗಂಡಸಿಗೂ ಹಿತವಲ್ಲ. ಆಚಾರ್ಯರ ದನಿ ಏರಿತು.

"ಅವರ ಗಣಿತ ಅವರದು, ನನ್ನ ಗಣಿತ ನನ್ನದು. ಬರೇ ಜಾತಕ ನೋಡಿದ್ರ ಆಗೂದಿಲ್ಲವಾ, ಮನುಷ್ಯಾರ ನಡತೀನೂ ನೋಡಬೇಕಾಗ್ತದ. ನಿನ್ನ ಮ್ಯಾಲ ಕಮಲಾಪುರದಾಗ ಕೇಸ್ ಅದನೋ ಇಲ್ಲೋ?"

ಮಂಜುಷಾ ಗೋಡೆಗೆ ಕೈ ಊರಿದಳು.

"ಅದ. ಅತುಲಗ ಗೊತ್ತದ, ನಾನ ಹೇಳೀನಿ. ಅವರ ತಾಯಿಗೂ ಹೇಳಬೇಕಂತಿದ್ದೆ. ಜಾತಕ ಕೂಡಿದ ಮ್ಯಾಲ ಹೇಳೂಣು ಅಂದ ಅಂವ. ನಾನೂ ಹೂಂ ಅಂದೆ, ಅದು ನನ್ನ ತಪ್ಪು. ಆದ್ರ ನೀವು ಕೇಸ್ ಕಂಡು ಕೇಸ್ ಅಂತ ಹೇಳಿದ್ರ ನಾನು ನನ್ನ ಮಾತು ಹೇಳ್ತಿದ್ದೆ. ನೀವು ಗ್ರಹ ಅಂದ್ರಿ. ಗ್ರಹಕ್ಕ ನಾ ಏನಂತ ಜವಾಬು ಕೊಡ್ಲಿ?"

"ಈಗ ಹೇಳವಾ," ಎಂದರು ಪದ್ಮಜಾಬಾಯಿ, ಗಂಡನಿಗಿಂತ ಮೊದಲು.

"ಅವತ್ತು ಕಮಲಾಪುರದ ಕ್ಲಿನಿಕ್ಕಿನಾಗ ನಾನೊಬ್ಬಾಕಿನ ಡ್ಯೂಟಿ ಮ್ಯಾಲ ಇದ್ದೆ ಕಾಕೂ. ದತ್ತಪ್ಪ ಅಂತ, ಎದಿ ಹಿಡಕೊಂಡು ಬಂದ್ರು. ಡಾಕ್ಟರಗ ಫೋನ್ ಮಾಡಿದೆ. ಒಂದು ಇಂಜೆಕ್ಷನ್ ಹೆಸರು ಹೇಳಿ, ಕೊಡು, ನಾ ಬರ್ಲಿಕ್ಕತ್ತೀನಿ ಅಂದ್ರು. ಕೊಟ್ಟೆ. ಅವರು ಬರೂದ್ರಾಗ ಆ ಮನುಷ್ಯಾ ಹೋಗಿಬಿಟ್ಟಿದ್ರು. ಆಮ್ಯಾಲ ಡಾಕ್ಟರು, ನಾ ಹೇಳೇ ಇಲ್ಲ, ಆಕಿನ ಕೊಟ್ಟಾಳ ಅಂತ ಬರಸಿದ್ರು. ಪೊಲೀಸರು ಹಿಡಕೊಂಡು ಹೋದ್ರು. ನಮ್ಮಪ್ಪ ಕೋರ್ಟಿನಾಗ ಜಾಮೀನು ನಿಂತು ಬಿಡಿಸಿಕೊಂಡು ಬಂದ."

"ಈಗ ಕೇಸು ಎಲ್ಲಿಗೆ ಬಂತು?" ಆಚಾರ್ಯರು ಪರೀಕ್ಷೆ ಮಾಡುವವರ ಹಾಗೆ ಕೇಳಿದರು.

"ಚಾರ್ಜ್‌ಶೀಟ್ ಆದ ಮ್ಯಾಲ ಮನಿಗೆ ಸಮನ್ಸ್ ಬರ್ತದ, ಆಗ ಬಾ ಅಂತ ವಕೀಲರು ಹೇಳಿದ್ರು. ಇನ್ನ ಬಂದಿಲ್ಲ."

"ಯಾವ ಮನಿಗೆ?"

"ಐವಾನ್-ಎ-ಶಾಹಿ ಕಡೆ ನಾವು ಬಾಡಿಗಿ ಇದ್ದ ಮನಿ, ಅದೇ ವಿಳಾಸ ಕೊಟ್ಟದ್ದು. ಅಪ್ಪ ಹೋದ ಮ್ಯಾಲ ಆ ಮನಿ ಬಿಟ್ಟು ದವಾಖಾನಿ ಹತ್ತಿರ ರೂಮ್ ಮಾಡೀನಿ." ಅಷ್ಟು ಹೇಳಿದರೂ ಅದರ ಅರ್ಥ ಅವಳಿಗೆ ಹೊಳೆಯಲಿಲ್ಲ.

ಆಚಾರ್ಯರಿಗೆ ಹೊಳೆಯಿತು. ಸಮನ್ಸು ಬೀಗ ಹಾಕಿದ ಮನೆಗೆ ಹೋಗಿ ವಾಪಸಾಗಿದೆ. ಕರೆದರೂ ಬರಲಿಲ್ಲವೆಂದು ವಾರಂಟ್ ಆಗಿದೆ. ಇವಳು ತಲೆಮರೆಸಿಕೊಂಡವಳಲ್ಲ, ಇವಳಿಗೆ ವಿಷಯವೇ ಗೊತ್ತಿಲ್ಲ. ಇವತ್ತೋ ನಾಳೆಯೋ ವಾರ್ಡಿನಲ್ಲಿ ರೋಗಿಗಳ ಎದುರಿಗೇ ಪೊಲೀಸರು ಬಂದು ಹಿಡಿದುಕೊಂಡು ಹೋಗಬಹುದು. ಹೇಳಿಬಿಡಬೇಕು ಎನಿಸಿತು. ಆದರೆ ಹೇಳಿದರೆ ಅಮಾವಾಸ್ಯೆಗೆ ಮುಂಚಿನಿಂದ ಗೊತ್ತಿದ್ದೂ ಸುಮ್ಮನಿದ್ದೆ ಎಂದು ಒಪ್ಪಿಕೊಳ್ಳಬೇಕು. ಕನ್ನಡಕ ತೆಗೆದು ಒರೆಸತೊಡಗಿದರು.

ಮಂಜುಷಾ ಚಪ್ಪಲಿ ಮೆಟ್ಟಿಕೊಂಡು ತಿರುಗಿ ನಿಂತಳು. "ಎಫ್‌ಐಆರ್‌ದಾಗ ಸತ್ತವರ ಮನಿ ವಿಳಾಸನೂ ಇರ್ತದ್ರಿ. ನನ್ನನ್ನ ಕೇಳೂದು ಬ್ಯಾಡ, ಅವರನ್ನರ ಒಂದು ಮಾತು ಕೇಳಬೇಕಿತ್ತು."

ಅವಳು ಹೋದಮೇಲೆ ಪದ್ಮಜಾಬಾಯಿ ಗಂಡನ ಎದುರು ಬಂದು ಕೂತರು. "ಆಕಿ ವಿಳಾಸ ಹೇಳಿದಾಗ ನಿಮ್ಮ ಮಾರಿ ಯಾಕ ಹಂಗಾತು?"

ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಆಕೆಯ ಎದುರು ದಶಾಸಂಧಿ ನಡೆಯುವುದಿಲ್ಲ. ಆಚಾರ್ಯರು ವಾರಂಟಿನ ವಿಷಯ ಹೇಳಿದರು.

"ಅಯ್ಯ, ಹಂಗಾದ್ರ ಓಡಿಹೋಗಿ ಹೇಳಿ ಬರ್ರಿ ಆ ಹುಡುಗಿಗೆ."

"ಹೇಳಿದ ಮ್ಯಾಲ ಆಕಿ ಊರು ಬಿಟ್ಟು ಹೋದ್ರ? ಸೋಲಾಪುರದಾಗ ಆಕಿ ಅವ್ವನ ತಂಗಿ ಇದ್ದಾಳಂತ ಸಾವಿತ್ರಿ ವೈನಿ ಅಂದಿದ್ರು. ಆ ಮನುಷ್ಯಾ ಖರೇನ ಆಕಿ ಕೈಯಿಂದ ಸತ್ತಿದ್ರ? ಕೊಲಿಗಡಕರನ್ನ ಪಾರು ಮಾಡಿದಂಗ ಆಗ್ತದ."

"ನೀವು ಆಗಲೇ ಕೊಲಿಗಡಕಿ ಅಂತ ಠರಾಯಿಸಿ ಬಿಟ್ಟೀರಿ."

"ಅದಕ್ಕಂತನ ಕಮಲಾಪುರಕ್ಕ ಹೋಗಿ ಕೇಳ್ತೇನಿ. ಆಮ್ಯಾಲ ನೋಡೂಣು."

"ಅಷ್ಟರಾಗ ಪೊಲೀಸರು ಬಂದ್ರ?"

ಆಚಾರ್ಯರು ಶಲ್ಯ ಹೊದ್ದುಕೊಂಡು ಹೊರಟರು. ನಿಜ ಹೇಳಬೇಕೆಂದರೆ ಅವರು ಹೊರಟದ್ದು ತಿಳಿದುಕೊಳ್ಳಲು ಅಲ್ಲ. ತಾನು ಮಾಡಿದ್ದೇ ಸರಿ ಎಂದು ಯಾರಾದರೂ ಹೇಳಲಿ ಎಂದು ಹೊರಟಿದ್ದರು. ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಸತ್ತವನ ಹೆಂಡತಿ ಆ ನರ್ಸಿಗೆ ಹಿಡಿಶಾಪ ಹಾಕುತ್ತಾಳೆ, ಅದನ್ನು ಕೇಳಿಕೊಂಡು ನೆಮ್ಮದಿಯಿಂದ ತಿರುಗಿ ಬಂದರಾಯಿತು ಎಂದುಕೊಂಡರು.

ಕಮಲಾಪುರದಲ್ಲಿ ಇಳಿದು, ರಸ್ತೆ ಬದಿಯಲ್ಲಿ ಕೆಂಪು ಬಾಳೆಯ ಗೊನೆಗಳನ್ನು ತೂಗುಹಾಕಿಕೊಂಡು ಕೂತಿದ್ದವನನ್ನು, ಎಫ್‌ಐಆರ್‌ನಲ್ಲಿ ಹೆಸರಿದ್ದ ದತ್ತಪ್ಪನ ಹೆಂಡತಿ ಬಂಡೆಮ್ಮನ ಮನೆ ಎಲ್ಲಿ ಎಂದು ಕೇಳಿದರು. ಬುದ್ಧ ವಿಹಾರದ ಹಿಂದಿನ ಓಣಿ ಎಂದ. ಬಂಡೆಮ್ಮ ಬಾಳೆಯ ತೋಟದ ಕೂಲಿಯಿಂದ ಆಗತಾನೆ ಬಂದು ಕೈಕಾಲು ತೊಳೆಯುತ್ತಿದ್ದಳು. ಒಳಗೆ ಮಗ ಗೌತಮ ಊಟಕ್ಕೆ ಕೂತಿದ್ದ. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಪಕ್ಕದಲ್ಲಿ ದಪ್ಪ ಮೀಸೆಯ ಒಬ್ಬ ಗಂಡಸಿನ ಫೋಟೋ. ಅದು ದತ್ತಪ್ಪನೇ ಇರಬೇಕು.

"ಯಾರ ಕಡೆಯವರ್ರಿ ನೀವು? ಡಾಕ್ಟರನ ಕಡೆಯವರೇನು?" ಗೌತಮ ತಟ್ಟೆ ಬಿಟ್ಟು ಎದ್ದ.

"ಯಾರ ಕಡೆಯವನೂ ಅಲ್ಲಪ್ಪಾ."

"ಯಾರ ಕಡೆಯವರೂ ಅಲ್ಲದವರು ನಮ್ಮ ಮನಿಗಿ ಬರಂಗಿಲ್ರಿ."

"ಕೂಡ್ಲಿ ತಡಿಯೋ," ಎಂದು ಬಂಡೆಮ್ಮ ಒಂದು ಕುರ್ಚಿ ಸರಿಸಿದಳು.

ಆಚಾರ್ಯರು ತಡವರಿಸುತ್ತ ವಿಷಯ ಹೇಳಿದರು. ಮದುವೆಯ ಮಾತು ಬಂದಿತ್ತು, ಮೊಬೈಲಿನಲ್ಲಿ ಕೇಸು ನೋಡಿದೆ, ಹುಡುಗಿ ಸರಿಯಿಲ್ಲವೆಂದು ಬೇಡವೆಂದೆ, ಅದು ಸರಿಯೋ ಅಲ್ಲವೋ ಎಂದು ನಿಮ್ಮನ್ನು ಕೇಳಲು ಬಂದೆ. ಬಂಡೆಮ್ಮ ನಡುವೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿದಳು.

"ಆ ಹುಡುಗಿ ಮ್ಯಾಲ ನನಗ ಸಿಟ್ಟದ," ಎಂದಳು ಆಮೇಲೆ. "ಸುಳ್ಳ್ಯಾಕ ಹೇಳ್ಲಿ. ಆಕಿ ಸೂಜಿ ಚುಚ್ಚಿದ ಮ್ಯಾಲ ನನ್ನ ಗಂಡ ಒಮ್ಮಿ ನೀರು ಬೇಡಿದ, ಮತ್ತ ಮಾತಾಡ್ಲಿಲ್ಲ. ಆದ್ರ ಆಕಿ ಫೋನ್ ಮ್ಯಾಲ ಫೋನ್ ಹಚ್ಚಿದ್ದೂ ನಾ ಕಣ್ಣಾರೆ ನೋಡೀನಿ. ಅವನ ಅಂಗಾಲು ತಿಕ್ಕಾಕತ್ತಿದ್ಳು, ಅಳಾಕತ್ತಿದ್ಳು. ಡಾಕ್ಟರ ಫೋನಿನ್ಯಾಗ ಏನಂದ, ಅದು ನನಗ ಕೇಳಿಸಲಿಲ್ಲ."

"ಹಂಗಾದ್ರ ತಪ್ಪು ಯಾರದು ಅಂತೀರಿ?"

"ಅದನ್ನ ನಾನು ಕೋರ್ಟಿಗಿ ಕೇಳೀನ್ರಿ. ಕೇಳಿ ವರ್ಷಗಟ್ಲೆ ಆತು, ಕೋರ್ಟು ಇನ್ನ ಹೇಳಿಲ್ಲ. ನೀವು ಮೊಬೈಲ್ ನೋಡಿ ಹೇಳಿಬಿಟ್ಟೆ ಅಂತೀರಿ. ಹೆಂಗ ಹೇಳಿದ್ರಿ? ಆ ಹಾದಿ ನನಗೂ ತೋರಸ್ರಿ. ನನಗೂ ಬೇಕಾಗ್ಯದ ಅದು."

ಅವಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅದಕ್ಕೇ ಆಚಾರ್ಯರಿಗೆ ತಲೆ ಎತ್ತಲಾಗಲಿಲ್ಲ. ಶಾಪ ಕೇಳಲು ಬಂದವರಿಗೆ ಸಿಕ್ಕಿದ್ದು ಪ್ರಶ್ನೆ.

"ಕೋರ್ಟು ಹೇಳೂದು ಹೆಂಗ?" ಗೌತಮ ಸಿಡುಕಿದ. "ಆಕಿ ಓಡಿ ಹೋಗ್ಯಾಳ. ವಾರಂಟ್ ಆಗ್ಯದ. ಆಕಿ ಸಿಗೋ ತನಕ ಕೇಸು ಮುಂದ ಹೋಗಂಗಿಲ್ಲ ಅಂತ ವಕೀಲರು ಹೇಳ್ಯಾರ. ಡಾಕ್ಟರ ಆರಾಮ ತಿರುಗಾಡಾಕತ್ತಾನ."

"ಓಡಿ ಹೋಗಿಲ್ಲಪ್ಪಾ," ಎಂದುಬಿಟ್ಟರು ಆಚಾರ್ಯರು. "ಕಲಬುರಗಿದಾಗ ದವಾಖಾನ್ಯಾಗ ಡ್ಯೂಟಿ ಮಾಡ್ಲಿಕ್ಕತ್ಯಾಳ. ಸಮನ್ಸು ಹಳೀ ಮನಿಗೆ ಹೋಗ್ಯದ. ವಾರಂಟ್ ಆದದ್ದು ಆಕಿಗೆ ಗೊತ್ತೇ ಇಲ್ಲ."

ಹೇಳಿದಮೇಲೆ ನಾಲಿಗೆ ಕಚ್ಚಿಕೊಂಡರು. ಗೌತಮ ಮೊಬೈಲ್ ಕೈಗೆ ತೆಗೆದುಕೊಂಡಿದ್ದ. "ಯಾವ ದವಾಖಾನಿ?"

"ತಡಿಯಪ್ಪಾ..."

"ತಡಿಯೂದ್ಯಾಕ್ರಿ? ಆಕಿಗಿ ಗೊತ್ತಿಲ್ಲ, ನಮಗ ಆಕಿ ಎಲ್ಲಿದ್ದಾಳಂತ ಗೊತ್ತಿಲ್ಲ. ಎರಡೂ ಗೊತ್ತಿದ್ದವರು ನೀವೊಬ್ಬರ. ಇಷ್ಟು ದಿನ ಬಾಯಿಗಿ ಬೀಗ ಹಾಕ್ಕೊಂಡು ಕುಂತಿದ್ರಿ. ಈಗ ನಾ ಠಾಣೆಗಿ ಫೋನ್ ಮಾಡಿದ್ರ ತಪ್ಪೇನು?"

ತಪ್ಪೇನೂ ಇರಲಿಲ್ಲ. ಅಪ್ಪನನ್ನು ಕಳೆದುಕೊಂಡ ಹುಡುಗ, ಅವನಿಗೆ ಆ ಹಕ್ಕಿತ್ತು. ಒಂದು ಸುಳ್ಳು ಹೇಳಿ ಒಬ್ಬಳ ಮದುವೆ ತಪ್ಪಿಸಿದ್ದೇನೆ ಎಂದಷ್ಟೇ ಆಚಾರ್ಯರು ತಿಳಿದಿದ್ದರು. ಅದೇ ಸುಳ್ಳಿನಿಂದ ಈ ಮನೆಯ ನ್ಯಾಯವೂ ನಿಂತುಹೋಗಿತ್ತು ಎಂಬುದು ಈಗ ತಿಳಿಯಿತು. ಅವರಿಗೆ ತಮ್ಮ ಮೇಲೆ ನಾಚಿಕೆಯಾಯಿತು.

"ಪೊಲೀಸರು ಹಿಡಕೊಂಡು ಹೋದ್ರ ಆಕಿ ನೌಕರಿ ಹೋಗ್ತದ. ನಾಳೆ ಒಂದು ದಿನ ಕೊಡ್ರಿ," ಎಂದು ಬಂಡೆಮ್ಮನ ಕಡೆ ತಿರುಗಿದರು. "ಆಕಿನ್ನ ನಾ ಕೋರ್ಟಿಗೆ ಕರಕೊಂಡು ಬರ್ತೇನಿ."

"ಆಕಿ ನಿಮ್ಮ ಮಾತು ಕೇಳ್ತಾಳೇನು?"

"ಕೇಳೂಹಂಗ ನಾ ಏನೂ ಮಾಡಿಲ್ಲ. ಆದ್ರೂ ಹೇಳ್ತೇನಿ."

ಬಂಡೆಮ್ಮ ಗಂಡನ ಫೋಟೋ ಕಡೆ ನೋಡಿದಳು. "ನಾಳೆ ಮಧ್ಯಾಹ್ನದ ತನಕ. ನಾವೂ ಕೋರ್ಟಿಗಿ ಬರ್ತೀವಿ. ಆಕಿ ಬರ್ಲಿಲ್ಲಂದ್ರ ಅಲ್ಲಿಂದನ ನನ್ನ ಮಗ ಫೋನ್ ಮಾಡ್ತಾನ. ಆಗ ನಾ ತಡಿಯಂಗಿಲ್ಲ." ಸ್ವಲ್ಪ ತಡೆದು, "ನೀರು ಕುಡೀತೀರೇನ್ರಿ? ಕೇಳಬೇಕೋ ಬ್ಯಾಡೋ ಅಂತ ಆಗಿಂದ ನೋಡಾಕತ್ತೀನಿ," ಎಂದಳು.

ಬೇರೆ ದಿನವಾಗಿದ್ದರೆ ಆಚಾರ್ಯರು ಉಪವಾಸದ ನೆಪ ಹೇಳುತ್ತಿದ್ದರು. ಅಂದು ಅವರಿಗೆ ಇನ್ನೊಂದು ಸುಳ್ಳು ಹೇಳುವ ತ್ರಾಣವಿರಲಿಲ್ಲ. ಚೊಂಬು ಇಸಿದುಕೊಂಡು ಕುಡಿದರು. ಬಾಯಾರಿಕೆಯೂ ಆಗಿತ್ತು.

ಕಲಬುರಗಿಗೆ ಮರಳಿ, ಬಸ್‌ಸ್ಟ್ಯಾಂಡಿನಿಂದ ಆಟೋ ಹಿಡಿದು ನೇರವಾಗಿ ಆಸ್ಪತ್ರೆಗೆ ಹೋದರು. ಗೇಟಿನ ಹತ್ತಿರ ಪೊಲೀಸ್ ಜೀಪೊಂದು ನಿಂತಿತ್ತು. ಆಚಾರ್ಯರು ಅಲ್ಲೇ ನಿಂತುಬಿಟ್ಟರು. ಯಾವುದೋ ಅಪಘಾತದ ಗಾಯಾಳುವನ್ನು ತಂದಿದ್ದಾರೆ ಎಂದು ಕಾವಲುಗಾರ ಹೇಳಿದಮೇಲೆಯೇ ಅವರು ಮೆಟ್ಟಿಲು ಹತ್ತಿದ್ದು. ಮಂಜುಷಾ ಅವರನ್ನು ನೋಡಿ ಹುಬ್ಬು ಗಂಟಿಕ್ಕಿದಳು. ವರಾಂಡದ ಮೂಲೆಗೆ ಬಂದು ನಿಂತಳು.

ಆಚಾರ್ಯರು ಸುತ್ತು ಬಳಸಲಿಲ್ಲ. "ನಿನ್ನ ಮ್ಯಾಲ ವಾರಂಟ್ ಆಗ್ಯದವಾ. ಸಮನ್ಸು ಹಳೀ ಮನಿಗೆ ಹೋಗಿ ವಾಪಸ್ ಬಂದದ."

ಅವಳಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. "ಯಾವಾಗ ಗೊತ್ತಾತು ನಿಮಗ?"

"ಜಾತಕ ನೋಡಿದ ದಿನಾನ."

"ಮುಂಜಾನೆ ನಿಮ್ಮ ಮನಿಗೆ ಬಂದಾಗ?"

"ಆಗೂ ಗೊತ್ತಿತ್ತು."

ಮಂಜುಷಾ ಬೈಯಲಿಲ್ಲ. ಬೈದಿದ್ದರೆ ಆಚಾರ್ಯರಿಗೆ ಹಗುರಾಗುತ್ತಿತ್ತು. ಕೈಯಲ್ಲಿದ್ದ ಔಷಧದ ಟ್ರೇಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಮತ್ತ ಒಳಗ ಹಾಕ್ತಾರೇನು? ಅವತ್ತು ಠಾಣೆಯಾಗ ಹೋಗೋರು ಬರೋರೆಲ್ಲಾ ನನ್ನನ್ನ ನೋಡ್ತಿದ್ರು. ಅಪ್ಪ ಬರೋ ತನಕ ನಾ ಗೋಡಿ ಕಡೆ ಮಾರಿ ಮಾಡಿಕೊಂಡು ನಿಂತಿದ್ದೆ. ಈಗ ಅಪ್ಪನೂ ಇಲ್ಲ."

"ನೀನಾಗಿ ಹೋದ್ರ ವಾರಂಟ್ ರದ್ದು ಮಾಡ್ತಾರಂತ. ನಾಳೆ ಮಧ್ಯಾಹ್ನದೊಳಗ ಹೋಗಬೇಕು. ಇಲ್ಲಂದ್ರ ಗೌತಮ, ದತ್ತಪ್ಪನ ಮಗ, ಪೊಲೀಸರಿಗೆ ಹೇಳ್ತಾನ. ನೀ ಎಲ್ಲಿದ್ದೀ ಅಂತ ನನ್ನ ಬಾಯಿಂದನ ಅವರಿಗೆ ಗೊತ್ತಾತು."

"ರದ್ದು ಮಾಡ್ತಾರಂತ ಖಾತ್ರಿ ಅದನು?"

"ಇಲ್ಲವಾ. ಖಾತ್ರಿ ನನಗಿಲ್ಲ."

ಅವಳು ಅವರ ಮುಖವನ್ನೇ ನೋಡಿದಳು. ವಾರ್ಡಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಸೋಲಾಪುರದ ರೈಲು ರಾತ್ರಿಯೂ ಇದೆ, ಬೆಳಿಗ್ಗೆಯೂ ಇದೆ.

ಮನೆಗೆ ಬಂದು ಆಚಾರ್ಯರು ಸಾವಿತ್ರೀಬಾಯಿಗೆ ಫೋನ್ ಮಾಡಿ, ದಶಾಸಂಧಿ ಸುಳ್ಳು, ಕೇಸು ನಿಜ, ನಾನು ಅದನ್ನು ಮುಚ್ಚಿಟ್ಟೆ ಎಂದು ಎಲ್ಲವನ್ನೂ ಹೇಳಿದರು.

"ಕೇಸ್ ಇದ್ದದ್ದು ನನ್ನ ಮಗನೂ ಮುಚ್ಚಿಟ್ಟ, ನೀವೂ ಮುಚ್ಚಿಟ್ರಿ," ಎಂದರು ಸಾವಿತ್ರೀಬಾಯಿ. "ನಾ ಏನು ಸಣ್ಣ ಕೂಸೇನು? ಮೊದಲ ಆ ಹುಡುಗಿ ಕೋರ್ಟಿನ ಕೆಲಸ ಮುಗಸ್ರಿ. ಆಮ್ಯಾಲ ಆಕಿ ನಮ್ಮ ಮನಿಗೆ ಬರ್ಲಿ. ಕೇಳೂದನ್ನ ನಾನ ಕೇಳ್ತೇನಿ. ನಡುವ ನೀವು ಬ್ಯಾಡ, ಗ್ರಹನೂ ಬ್ಯಾಡ."

ಮರುದಿನ ಕೋರ್ಟಿನ ಅಂಗಳದಲ್ಲಿ ಆಚಾರ್ಯರು, ಪದ್ಮಜಾಬಾಯಿ ಬೆಳಿಗ್ಗೆಯಿಂದ ನಿಂತಿದ್ದರು. ಆಚಾರ್ಯರ ಕೈಚೀಲದಲ್ಲಿ ಮನೆಯ ಪತ್ರಗಳಿದ್ದವು. ಜಾಮೀನಿಗೆ ಬೇಕಾಗಬಹುದೆಂದು ತಂದಿದ್ದರು. ಬಂಡೆಮ್ಮ, ಗೌತಮ ಬಂದು ಎದುರಿನ ಕಟ್ಟೆಯ ಮೇಲೆ ಕೂತರು. ಬಿಸಿಲು ಏರಿತು. ಕಪ್ಪು ಕೋಟಿನವರು ಓಡಾಡಿದರು, ಒಂದೊಂದೇ ಹೆಸರು ಕೂಗಿದರು. ಗೌತಮ ಮೊಬೈಲ್ ತೆಗೆದು ಗಂಟೆ ನೋಡುವುದು, ಜೇಬಿಗೆ ಹಾಕುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದ.

"ಹೋಗ್ಯಾಳ್ರಿ ಆಕಿ," ಎಂದ ಕಡೆಗೆ ಎದ್ದು ನಿಂತು. "ನಾ ನಿನ್ನೀನ ಫೋನ್ ಮಾಡಬೇಕಿತ್ತು."

ಆಚಾರ್ಯರು ಅವನ ಕೈ ಹಿಡಿಯಲು ಹೋಗಿ ನಿಲ್ಲಿಸಿದರು. ತಡೆಯಲು ತನಗೇನು ಅಧಿಕಾರವಿದೆ ಎನಿಸಿತು. ಗೌತಮ ನಂಬರ್ ಒತ್ತುತ್ತಿದ್ದಾಗಲೇ ಗೇಟಿನಲ್ಲಿ ಅತುಲನ ಸ್ಕೂಟರ್ ಕಂಡಿತು. ಹಿಂದೆ ಮಂಜುಷಾ ಇದ್ದಳು. ಅಳುತ್ತ ರಾತ್ರಿ ಕಳೆದವಳ ಕಣ್ಣು. ಜೊತೆಗೆ ಇನ್ನೊಂದು ಗಾಡಿಯಲ್ಲಿ ಅವಳ ವಕೀಲರು ಬಂದರು. ಅವಳು ಬಂಡೆಮ್ಮನನ್ನು ನೋಡಿ ಒಂದು ಕ್ಷಣ ನಿಂತಳು, ತಲೆ ಬಗ್ಗಿಸಿ ಒಳಗೆ ಹೋದಳು. ಗೌತಮ ಫೋನ್ ಜೇಬಿಗೆ ಹಾಕಿದ.

ಒಳಗೆ ನ್ಯಾಯಾಧೀಶೆ ವಾರಂಟಿನ ಹಾಳೆ ನೋಡಿದರು. ವಕೀಲರು ಎದ್ದು ವಿಳಾಸ ಬದಲಾದದ್ದನ್ನು ವಿವರಿಸಿದರು. ಮೊದಲು ಜಾಮೀನು ನಿಂತಿದ್ದ ತಂದೆ ತೀರಿಕೊಂಡಿದ್ದಾರೆಂದು ಮುಕುಂದರಾಯರ ಮರಣ ಪ್ರಮಾಣಪತ್ರವನ್ನು ಸಲ್ಲಿಸಿದರು.

"ಮನೆ ಬಿಟ್ಟಾಗ ನ್ಯಾಯಾಲಯಕ್ಕೆ ಯಾಕೆ ತಿಳಿಸಲಿಲ್ಲ?" ನ್ಯಾಯಾಧೀಶೆ ಮಂಜುಷಾಳನ್ನು ಕೇಳಿದರು.

"ತಿಳಿಸಬೇಕಂತ ಗೊತ್ತಿರಲಿಲ್ರಿ. ತಪ್ಪಾಯಿತು."

"ಹೊಸ ಜಾಮೀನುದಾರರು ಇದ್ದಾರಾ?"

ಅತುಲ ತಲೆ ತಗ್ಗಿಸಿದ. ಅವನ ಹೆಸರಿನಲ್ಲಿ ಮನೆಯಿಲ್ಲ, ಹೊಲವಿಲ್ಲ. ಆಚಾರ್ಯರು ಕೈಚೀಲ ಹಿಡಿದು ಮುಂದೆ ಬಂದರು. ಕಟಕಟೆಯಲ್ಲಿದ್ದ ಮಂಜುಷಾ ಬೆಚ್ಚಿ ತಿರುಗಿದಳು. ವಕೀಲರು ಆಚಾರ್ಯರ ಕಿವಿಯಲ್ಲಿ, "ಸಣ್ಣಾಕಿ ಇದ್ದಾಗಿಂದ ಗೊತ್ತು ಅಂದುಬಿಡ್ರಿ, ಮುಗೀತದ," ಎಂದು ಉಸುರಿದರು.

ನ್ಯಾಯಾಧೀಶೆ ಪತ್ರಗಳನ್ನು ತಿರುವಿಹಾಕಿ ತಲೆ ಎತ್ತಿದರು. "ಇವರನ್ನು ಎಷ್ಟು ದಿನದಿಂದ ಬಲ್ಲಿರಿ?"

ಹಿಂದಿನ ಬೆಂಚಿನಲ್ಲಿ ಬಂಡೆಮ್ಮ ಕೂತಿರುವುದು ಆಚಾರ್ಯರಿಗೆ ಗೊತ್ತಿತ್ತು.

"ನಿನ್ನೆಯಿಂದ್ರಿ."

ಯಾರೋ ಕಿಸಕ್ಕೆಂದು ನಕ್ಕರು. ವಕೀಲರು ಹಣೆ ಹಿಡಿದುಕೊಂಡರು.

"ನಿನ್ನೆಯಿಂದ?"

"ಹೌದ್ರಿ. ಹೆಸರು ಅದಕ್ಕೂ ಮೊದಲ ಗೊತ್ತಿತ್ರಿ. ಮೊಬೈಲ್‌ದಾಗ ನೋಡಿದ್ದೆ. ಅಷ್ಟ ನೋಡಿ, ಈಕಿ ಬ್ಯಾಡ ಅಂತ ಒಂದು ಮನಿಗೆ ಹೇಳಿದ್ದೆ. ಈಕಿ ಮಾತು ಕೇಳಿದ್ದು ಮಾತ್ರ ನಿನ್ನೆ."

ನ್ಯಾಯಾಧೀಶೆ ಪತ್ರಗಳನ್ನು ಪಕ್ಕಕ್ಕಿಟ್ಟರು. "ಇವರು ಮುಂದಿನ ದಿನಾಂಕಗಳಿಗೆ ಬರದಿದ್ದರೆ ಈ ನ್ಯಾಯಾಲಯಕ್ಕೆ ನೀವು ಉತ್ತರ ಹೇಳಬೇಕಾಗುತ್ತದೆ. ಗೊತ್ತಿದೆಯೇ?"

"ಗೊತ್ತದ್ರಿ. ಬರ್ತಾಳ್ರಿ. ಹೆದರಿಕೊಂಡಿದ್ಳು, ಆದ್ರೂ ಇವತ್ತ ಬಂದಾಳಲ್ರಿ."

ಬೇರೊಬ್ಬರ ಕೇಸು ಕರೆಯುವಷ್ಟರಲ್ಲಿ ವಾರಂಟ್ ರದ್ದಾಯಿತು. ಗುಮಾಸ್ತರು ತೋರಿಸಿದ ಕಡೆ ಮಂಜುಷಾ ಸಹಿ ಹಾಕಿದಳು. ಅದರ ಕೆಳಗೆ ರಘೂತ್ತಮಾಚಾರ್ಯರು ಸಹಿ ಹಾಕಿದರು. ಎಂಥ ಕೇಸು ಕಂಡರೆ ಸಂಬಂಧ ಬೇಡವೆನ್ನುತ್ತಿದ್ದರೋ ಅಂಥದೇ ಒಂದು ಕೇಸಿನ ಕಡತದಲ್ಲಿ ಈಗ ಅವರ ಹೆಸರೂ ಸೇರಿತ್ತು.

ಹೊರಗೆ ಬಂದಾಗ ಬಂಡೆಮ್ಮ ಕಂಬದ ಹತ್ತಿರ ಕಾದು ನಿಂತಿದ್ದಳು. ಮಂಜುಷಾ ಅವಳೆದುರು ಬಂದು ನಿಂತಳು.

"ಅವತ್ತು ಡಾಕ್ಟರ ಫೋನಿನ್ಯಾಗ ನಿನಗ ಏನಂದ?" ಬಂಡೆಮ್ಮ ಕೇಳಿದಳು.

ಮಂಜುಷಾ ಇನ್ನಷ್ಟು ಹತ್ತಿರ ಬಂದಳು. "ಅವರು ಏನಂದ್ರಂದ್ರ..."

"ಇಲ್ಲಿ ಬ್ಯಾಡ," ಎಂದು ಬಂಡೆಮ್ಮ ಕೈ ಎತ್ತಿ ತಡೆದಳು. "ನನ್ನೊಬ್ಬಾಕಿಗಿ ಹೇಳಿದ್ರ ಏನು ಬಂತು? ಮುಂದಿನ ತಾರೀಖಿಗಿ ಬಾ. ಒಳಗ ನಿಂತು ಹೇಳು, ಡಾಕ್ಟರನ ಮುಂದ ಹೇಳು. ನಾನೂ ಅಲ್ಲೇ ಕುಂತು ಕೇಳ್ತೀನಿ. ನಿಂದು ತಪ್ಪಿದ್ರ ನಿಂದು, ಅವಂದಿದ್ರ ಅವಂದು."

"ಬರ್ತೇನ್ರಿ," ಎಂದಳು ಮಂಜುಷಾ. ಆಗ ಅವಳಿಗೆ ಅಳು ಬಂತು. ಅತುಲ ಹತ್ತಿರ ಬಂದು ನಿಂತ.

ಬಂಡೆಮ್ಮ ಸೆರಗು ಹೊದ್ದುಕೊಂಡು ಮಗನ ಜೊತೆ ಗೇಟಿನ ಕಡೆ ಹೊರಟವಳು ಆಚಾರ್ಯರ ಎದುರು ನಿಂತಳು.

"ಆ ದಿನ ನೀವೂ ಬರ್ರಿ," ಎಂದಳು. "ಬಂದು ಕೇಳ್ರಿ."